ಹಳೆಯ ಪಿಕಪ್‌ನ ಸ್ಟೇರಿಂಗ್ ಕಾಲಂ ಬಿಚ್ಚಿದ ನನ್ನ ಅನುಭವ

1970ರ ಷೆವರ್ಲೆ ಸಿ-10 ಪಿಕಪ್ ಒಂದನ್ನು ನಾನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತಿದ್ದಾಗ, ಪೆಡಲ್‌ಗಳ ಸುತ್ತಲಿನ ನೆಲದ ತಗಡು ತುಕ್ಕು ಹಿಡಿದು ತೂತು ಬಿದ್ದಿರುವುದು ಕಂಡಿತು. ಆ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕಾದರೆ ಸ್ಟೇರಿಂಗ್ ಕಾಲಂ ಅನ್ನು (ಸ್ಟೇರಿಂಗ್ ಚಕ್ರದ ಶಾಫ್ಟನ್ನು ಒಳಗಿಟ್ಟುಕೊಂಡ ಉದ್ದ ಕೊಳವೆಯನ್ನು) ಇಡಿಯಾಗಿ ಹೊರಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ನನ್ನ ಗಾಡಿಯ ಗೇರ್ ಲಿವರ್ ಕೂಡ ಕಾಲಂ ಮೇಲೆಯೇ ಇದ್ದುದರಿಂದ ಕೆಲಸ ಇನ್ನಷ್ಟು ಬೆಳೆಯಿತು.

ಮೊದಲು ಬ್ಯಾಟರಿಯ ತಂತಿ ಕಳಚಿ, ಮುಂದಿನ ಚಕ್ರಗಳನ್ನು ನೇರಕ್ಕೆ ನಿಲ್ಲಿಸಿಕೊಂಡೆ. ಹಾರ್ನ್ ಮುಚ್ಚಳವನ್ನು ತೆಗೆದ ಮೇಲೆ ನಡುವೆ ದೊಡ್ಡ ನಟ್ಟು ಕಾಣುತ್ತದೆ. ಅದನ್ನು ಸಡಿಲಿಸುವ ಮೊದಲೇ ಸ್ಟೇರಿಂಗ್ ಚಕ್ರದ ನಡುಭಾಗಕ್ಕೂ ಶಾಫ್ಟ್‌ಗೂ ಅಡ್ಡಲಾಗಿ ಸೆಂಟರ್ ಪಂಚ್ ಎಂಬ ಮೊನೆಯುಳ್ಳ ಉಕ್ಕಿನ ಕಡ್ಡಿಯಿಂದ ಒಂದೊಂದು ಚುಕ್ಕೆ ಒತ್ತಿ ಗುರುತು ಮಾಡಿದೆ. ಬಣ್ಣದ ಗುರುತು ಸ್ವಚ್ಛಗೊಳಿಸುವಾಗ ಅಳಿಸಿಹೋಗುತ್ತದೆ, ಪಂಚ್ ಚುಕ್ಕೆ ಹಾಗೇ ಉಳಿಯುತ್ತದೆ.

ಇಲ್ಲಿಯೇ ನಾನೊಂದು ತಪ್ಪು ಮಾಡಿದೆ. ಚಕ್ರ ಶಾಫ್ಟ್‌ನ ಹಲ್ಲುಗಳ ಮೇಲೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಚಕ್ರವನ್ನು ಎಳೆದು ಬಿಡಿಸುವ ಪುಲ್ಲರ್ ಎಂಬ ಸಾಧನ ಕೈಗೆ ಸಿಗದೆ ಹೋದಾಗ ಶಾಫ್ಟ್‌ನ ತುದಿಗೆ ಸುತ್ತಿಗೆಯಿಂದ ಎರಡು ಏಟು ಹಾಕಿಬಿಟ್ಟೆ. ಚಕ್ರ ಕದಲಲಿಲ್ಲ, ಆದರೆ ತುದಿಯ ಮೊದಲ ಮರೆ (ನಟ್ಟು ಕೂರುವ ಸುರುಳಿ ಗೆರೆ) ಮಡಚಿಕೊಂಡು, ಆಮೇಲೆ ಅದನ್ನು ಸಣ್ಣ ಅರದಿಂದ ತಿದ್ದಿ ಸರಿಮಾಡಲು ಇಡೀ ಸಂಜೆ ಹಿಡಿಯಿತು. ಅಪಘಾತದಲ್ಲಿ ಕುಸಿಯುವಂತೆ ಒಳಗೆ ಪ್ಲಾಸ್ಟಿಕ್ ಪಿನ್ನುಗಳನ್ನಿಟ್ಟ ಕಾಲಂಗಳಲ್ಲಂತೂ ಇಂಥ ಏಟು ಆ ಪಿನ್ನುಗಳನ್ನೇ ಮುರಿದುಬಿಡಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂತಹ ಕಾಲಂ ಅನ್ನು ನೆಲಕ್ಕೆ ಬೀಳಿಸುವುದೂ ಅದರ ಮೇಲೆ ಭಾರ ಹಾಕಿ ಒರಗುವುದೂ ಸಲ್ಲದು. ಮರುದಿನ ಪುಲ್ಲರ್ ತಂದು, ಅದರ ಎರಡು ಬೋಲ್ಟುಗಳನ್ನು ಚಕ್ರದ ನಡುಭಾಗದ ಮರೆಯಿರುವ ರಂಧ್ರಗಳಿಗೆ ಸಮನಾಗಿ ಹೊಕ್ಕಿಸಿ, ನಡುವಿನ ಸ್ಕ್ರೂವನ್ನು ನಿಧಾನವಾಗಿ ಬಿಗಿಸುತ್ತ ಹೋದೆ. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಮರೆಗಳ ಮೇಲೆ ಉಳಿಸಿದ್ದೆ, ಏಕೆಂದರೆ ಚಕ್ರ ಒಮ್ಮೆಲೇ ಬಿಟ್ಟುಕೊಂಡರೆ ನೇರವಾಗಿ ಮುಖಕ್ಕೇ ಬಡಿಯುತ್ತದೆ. ಟಪ್ಪೆಂಬ ಸದ್ದಿನೊಂದಿಗೆ ಅದು ಬಿಟ್ಟುಕೊಂಡಾಗ ಆ ನಟ್ಟೇ ಅದನ್ನು ತಡೆಯಿತು.

ಬಾನೆಟ್ಟಿನ ಕೆಳಗೆ ಕಾಲಂನ ಕೆಳತುದಿ ಮತ್ತು ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳ ಕಡೆಗೆ ಮುಟ್ಟಿಸುವ ಹಲ್ಲುಗಾಲಿಗಳ ಪೆಟ್ಟಿಗೆ) ನಡುವೆ ರಬ್ಬರು ಮತ್ತು ಬಟ್ಟೆಯ ಪದರಗಳ ಒಂದು ಬಿಲ್ಲೆ ಇರುತ್ತದೆ. ಅದನ್ನು ಹಿಡಿದಿರುವ ಎರಡು ಬೋಲ್ಟುಗಳ ಗಾತ್ರ ಬೇರೆ ಬೇರೆ, ಒಂದು ದಪ್ಪ, ಒಂದು ಸಣ್ಣ. ಜೋಡಿಸುವಾಗ ಅರ್ಧ ಸುತ್ತು ತಪ್ಪಿ ಕೂರಬಾರದೆಂದು ಹೀಗೆ ಮಾಡಿದ್ದಾರೆ, ಮತ್ತು ಇದನ್ನು ಯೋಚಿಸಿದವರ ಮೇಲೆ ನನಗೆ ನಿಜವಾದ ಗೌರವವಿದೆ. ಬಾಕ್ಸ್ ಕಡೆಯ ಹಿಡಿತದಲ್ಲಿ ಹನ್ನೆರಡು ಮೂಲೆ ತಲೆಯ ಬೋಲ್ಟು ಇತ್ತು. ಅದು ಶಾಫ್ಟ್‌ನ ಮೇಲಿನ ಕಚ್ಚಿನ ಮೂಲಕ ಹಾದುಹೋಗುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ಎಳೆಯಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದರಿಂದ ಬೆಳಗ್ಗೆ ಅದು ಮಣಿಯಿತು. ರಬ್ಬರು ಪಕ್ಕದಲ್ಲೇ ಇರುವುದರಿಂದ ಅಲ್ಲಿ ಬೋಲ್ಟನ್ನು ಬೆಂಕಿಯಿಂದ ಕಾಯಿಸಿ ಬಿಡಿಸುವ ಯೋಚನೆಯೇ ಬೇಡ.

ಗೇರ್ ಸರಳುಗಳೆರಡನ್ನೂ ಕಳಚಿ ಯಾವುದು ಯಾವುದರದೆಂದು ಚೀಟಿ ಕಟ್ಟಿದೆ. ನೆಲದ ತಟ್ಟೆಯ ಸ್ಕ್ರೂಗಳು ಸುಲಭವಾಗಿ ಬಂದವು. ಡ್ಯಾಶ್‌ಬೋರ್ಡಿನ ಕೆಳಗಿನ ಕ್ಲ್ಯಾಂಪ್ ಬಿಚ್ಚುವಾಗ ಮಾತ್ರ ಕಾಲಂನ ಭಾರವನ್ನು ಒಬ್ಬರು ಹಿಡಿದುಕೊಂಡಿರಬೇಕು. ಎಲ್ಲ ಆಯಿತೆಂದುಕೊಂಡು ಎಳೆದಾಗ ಅದು ಒಂದಂಗುಲ ಬಂದು ನಿಂತಿತು. ಬಲ ಹಾಕದೆ ದೀಪ ಹಿಡಿದು ನೋಡಿದರೆ, ಇಂಡಿಕೇಟರ್‌ನ ತಂತಿಗಳ ಕನೆಕ್ಟರ್ ಇನ್ನೂ ಸಿಕ್ಕಿಕೊಂಡಿತ್ತು. ಇನ್ನೊಂದು ಎಳೆತ ಸಾಕಿತ್ತು, ಅರ್ಧ ಶತಮಾನ ಹಳೆಯ ತಂತಿಗಳು ಬುಡದಲ್ಲೇ ಕಿತ್ತುಬರುತ್ತಿದ್ದವು. ಅದನ್ನು ಬಿಡಿಸಿದ ಮೇಲೆ, ಕೆಳಗಿನ ಗೇರ್ ತೋಳುಗಳು ನೆಲದ ರಂಧ್ರದಲ್ಲಿ ತಾಗದಂತೆ ಕಾಲಂ ಅನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಕ್ಯಾಬಿನ್ನಿನೊಳಗೆ ಮೇಲಕ್ಕೆ ಎತ್ತಿಕೊಂಡೆ.

ಬೆಂಚಿನ ಮೇಲೆ ಅಡ್ಡ ಮಲಗಿಸಿ ಶಾಫ್ಟ್ ತಿರುಗಿಸಿದಾಗ ಕೆಳಗಿನ ಬೇರಿಂಗ್ ಮರಳು ಅರೆದಂತೆ ಸದ್ದು ಮಾಡಿತು. ಬಿಲ್ಲೆಯ ಪದರಗಳು ಬಿಡಿಸಿಕೊಂಡಿದ್ದವು, ಒಂದು ಅಂಚು ಬೆರಳಲ್ಲಿ ಒತ್ತಿದರೇ ಪುಡಿಯಾಯಿತು. ಚಾಲನೆಯಲ್ಲಿ ಸ್ಟೇರಿಂಗ್ ಸಡಿಲವಾಗಿದ್ದುದಕ್ಕೆ ನಾನು ಅಷ್ಟು ದಿನ ಬಾಕ್ಸನ್ನೇ ದೂರುತ್ತಿದ್ದೆ. ಬೇರಿಂಗ್ ಮತ್ತು ಬಿಲ್ಲೆ ಎರಡನ್ನೂ ಹೊಸದಾಗಿ ಹಾಕಿ, ಪಂಚ್ ಚುಕ್ಕೆಗಳನ್ನು ಎದುರುಬದುರು ತಂದು ಜೋಡಿಸಿದಾಗ ಚಕ್ರದ ಕಡ್ಡಿಗಳು ಮೊದಲಿನ ಜಾಗದಲ್ಲೇ ನೇರವಾಗಿ ನಿಂತವು.