ಲೈನ್ ಕೊಡುವ ಮೊದಲು ಎರಡು ಮಾತು

ನಮ್ಮ ಆಫೀಸು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ. ಕೆಳಗೆ ಅಡಿಕೆ ಗೋದಾಮು, ಮೇಲೆ ಲೆಕ್ಕದವರು, ಬಾಗಿಲ ಹತ್ತಿರದ ಮೇಜಿನಲ್ಲಿ ಫೋನು ಮತ್ತು ನಾನು. ಹೊರಗಿನ ಲೈನು ಎರಡು, ಒಳಗಿನ ಎಕ್ಸ್‌ಟೆನ್ಶನ್ ಎಂಟು. ಬೆಳಿಗ್ಗೆ ಹತ್ತೂವರೆಯೊಳಗೆ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ರಿಸೀವರಿನಲ್ಲಿ ಬಂದು ಹೋಗುತ್ತವೆ. ನನಗೆ ಅದರಲ್ಲಿ ಮೂರು ಬರುತ್ತದೆ. ಮೇಲಿನ ಲೆಕ್ಕದ ಹುಡುಗ ತೆಂಕಣ ಕೇರಳದವನು, ಅವನಿಗೆ ಮಲಯಾಳ ಮಾತ್ರ. ಗೋದಾಮಿನ ಅಣ್ಣನಿಗೆ ತುಳು, ಕನ್ನಡ. ಲೈನ್ ತಪ್ಪು ಕಡೆ ಕೊಟ್ಟರೆ ಇಬ್ಬರೂ ಹಲೋ ಹಲೋ ಅನ್ನುತ್ತಾ ಕೂರುತ್ತಾರೆ, ಅಷ್ಟೇ. ಬಂದ ಕರೆಯನ್ನು ಸರಿಯಾದವರಿಗೆ ದಾಟಿಸುವುದು ಹೇಗೆ ಅಂತ ಹೊಸಬರು ಬಂದಾಗಲೆಲ್ಲ ಬಾಯಲ್ಲಿ ಹೇಳಿ ಸಾಕಾಯಿತು, ಈಗ ಬರೆದೇ ಬಿಡುತ್ತೇನೆ.

ಮೊದಲು ನಿಮ್ಮದು ಯಾವ ಫೋನು ಅಂತ ನೋಡಿ. ಗೋಡೆಯಲ್ಲಿ ಒಂದು ಡಬ್ಬ, ಅದರಿಂದ ತೆಳ್ಳಗಿನ ವಯರು, ಮೇಜಿನ ಮೇಲೆ ಸಾದಾ ಫೋನು ಇದ್ದರೆ ಅದು ಹಳೆಯ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನನ್ನು ಒಳಗಿನ ಫೋನುಗಳಿಗೆ ಹಂಚುವ ಡಬ್ಬ. ನಮ್ಮಲ್ಲಿ ಅದನ್ನೇ ಇಂಟರ್‌ಕಾಂ ಅನ್ನುತ್ತಾರೆ. ಕಂಪ್ಯೂಟರಿನ ನೆಟ್‌ವರ್ಕ್ ವಯರೇ ಫೋನಿಗೂ ಬಂದಿದ್ದು, ಚಿಕ್ಕ ಪರದೆ ಇದ್ದರೆ ಅದು ಐಪಿ ಫೋನು. ಕೆಲಸ ಎರಡರಲ್ಲೂ ಒಂದೇ, ಒತ್ತುವ ಗುಂಡಿ ಬೇರೆ. ಕೋಡುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ನಾನು ಇಲ್ಲಿ ಹೇಳುವ ಕೋಡುಗಳು ಫ್ರೀಪಿಬಿಎಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಮೊದಲಿಂದಲೇ ಇರುವಂಥವು. ಹಾಕಿಕೊಟ್ಟವರು ಅದನ್ನೂ ಬದಲಾಯಿಸಿರಬಹುದು. ನಿಮ್ಮ ಡಬ್ಬದ ಜೊತೆ ಬಂದ ಪುಸ್ತಕ ಎಲ್ಲಾದರೂ ಡ್ರಾಯರಿನ ಅಡಿಯಲ್ಲಿ ಇರುತ್ತದೆ, ಹುಡುಕಿ.

ಹೊರಗೆ ಫೋನ್ ಮಾಡುವುದರಲ್ಲೇ ಅರ್ಧ ಜನ ಎಡವುತ್ತಾರೆ. ಹಲವು ಕಡೆ ಹೊರಗಿನ ಲೈನಿಗೆ ಮೊದಲು 0 ಒತ್ತಬೇಕು, ಕೆಲವು ಕಡೆ 9. ಅದರ ಮೇಲೆ, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ನಂಬರಿನ ಮುಂದೆ 0 ಹಾಕಲೇಬೇಕು. ಹಾಗಾಗಿ ನಮ್ಮಲ್ಲಿ ಮೊಬೈಲಿಗೆ ಎರಡು ಸೊನ್ನೆ: ಒಂದು ಡಬ್ಬಕ್ಕೆ, ಒಂದು ಎಕ್ಸ್‌ಚೇಂಜಿಗೆ. ಮಂಗಳೂರಿಗೆ ಮಾಡುವಾಗಲೂ ಹಾಗೆಯೇ, ಲೈನಿನ 0 ಬೇರೆ, 0824ರ 0 ಬೇರೆ. ಬಸ್ಸಿನಲ್ಲಿ ಹೋದರೆ ಮಂಗಳೂರು ಹತ್ತಿರ, ಫೋನಿನಲ್ಲಿ ಅದು ಎಸ್‌ಟಿಡಿಯೇ.

ಈಗ ಲೈನ್ ಕೊಡುವ ವಿಷಯ. ಇದಕ್ಕೆ ಎರಡು ದಾರಿ ಇದೆ. ಒಂದು, ಸುಮ್ನೆ ತಳ್ಳಿಬಿಡುವುದು: ಫೋನಿನ ಫ್ಲ್ಯಾಶ್ ಗುಂಡಿ ಒತ್ತಿ, ಒಳಗಿನ ನಂಬರ್ ಒತ್ತಿ, ರಿಸೀವರ್ ಇಟ್ಟುಬಿಡುವುದು. ಇನ್ನೊಂದು, ಕೇಳಿ ಕೊಡುವುದು: ಫ್ಲ್ಯಾಶ್, ನಂಬರ್, ಆ ಕಡೆಯವರು ಎತ್ತುವವರೆಗೆ ಕಾಯುವುದು, ಯಾರು ಯಾಕೆ ಮಾಡಿದ್ದಾರೆ ಎಂದು ಹೇಳುವುದು, ಆಮೇಲೆ ಇಡುವುದು. ಆ ಹೊತ್ತಿಗೆ ಹೊರಗಿನವರಿಗೆ ಸಂಗೀತ ಕೇಳುತ್ತಿರುತ್ತದೆ, ನಿಮ್ಮ ಮಾತು ಕೇಳುವುದಿಲ್ಲ. ಆ ಕಡೆಯವರು ಬೇಡ ಅಂದರೆ ಪುನಃ ಫ್ಲ್ಯಾಶ್, ಹೊರಗಿನವರು ನಿಮ್ಮ ಹತ್ತಿರ ವಾಪಸ್. ಐಪಿ ಫೋನಿನಲ್ಲಿ ಫ್ಲ್ಯಾಶ್ ಬದಲು ಟ್ರಾನ್ಸ್‌ಫರ್ ಗುಂಡಿ ಇರುತ್ತದೆ, ಕೊನೆಗೆ ಅದನ್ನೇ ಇನ್ನೊಮ್ಮೆ ಒತ್ತಬೇಕಾಗಬಹುದು.

ನಾನು ಮೊದಮೊದಲು ತಳ್ಳಿಬಿಡುವವಳೇ. ಒಂದು ದಿನ ಪೆರ್ಲದ ಕಡೆಯಿಂದ ಒಬ್ಬರು ಅಜ್ಜ ಫೋನ್ ಮಾಡಿದರು. ಅಡಿಕೆ ಕೊಟ್ಟ ದುಡ್ಡು ಬ್ಯಾಂಕಿಗೆ ಬಂದಿಲ್ಲ ಎಂದು ತುಳುವಿನಲ್ಲಿ ಎಲ್ಲ ಹೇಳಿದರು, ಚೀಟಿಯ ನಂಬರ್ ಸಮೇತ, ಮೂಟೆ ಎಷ್ಟು, ಜೀಪು ಯಾರದ್ದು, ಎಲ್ಲ. ನಾನು ಒಂದು ನಿಮಿಷ ಅಜ್ಜ ಎಂದು ಲೆಕ್ಕದ ಹುಡುಗನ ನಂಬರ್ ಒತ್ತಿ ಇಟ್ಟೆ. ಐದು ನಿಮಿಷಕ್ಕೆ ಪುನಃ ಅವರದೇ ಫೋನು. ಯಾರೋ ಮಲಯಾಳದಲ್ಲಿ "ಆರಾ, ಎಂದಾ" (ಯಾರು, ಏನು) ಅಂತ ಕೇಳಿ ಕೇಳಿ ಇಟ್ಟುಬಿಟ್ಟರಂತೆ. "ಮಗಾ, ನಾನು ಪುನಃ ಮೊದಲಿಂದ ಹೇಳಬೇಕಾ?" ಅಂದರು. ಸಿಟ್ಟು ಇರಲಿಲ್ಲ, ಸುಸ್ತು ಇತ್ತು. ಅವತ್ತಿನಿಂದ ನಾನು ಕೇಳದೆ ಲೈನ್ ಕೊಡುವುದಿಲ್ಲ. ಎರಡೇ ಮಾತು ಸಾಕು: "ಪೆರ್ಲದ ಅಜ್ಜ, ತುಳು ಮಾತ್ರ, ದುಡ್ಡು ಬಂದಿಲ್ಲವಂತೆ." ಅಷ್ಟು ಗೊತ್ತಿದ್ದರೆ ಎತ್ತುವವನು ಲೆಡ್ಜರ್ ತೆರೆದಿಟ್ಟುಕೊಂಡೇ ಹಲೋ ಅನ್ನುತ್ತಾನೆ.

ಫ್ಲ್ಯಾಶ್ ಒತ್ತಿದ ಕೂಡಲೇ ಕರೆ ಕಟ್ಟಾಗುತ್ತದೆಯಾ? ನಿಮ್ಮ ಕೈಯದ್ದು ತಪ್ಪಲ್ಲ. ಫ್ಲ್ಯಾಶ್ ಅಂದರೆ ಫೋನು ಲೈನನ್ನು ಒಂದು ಗಳಿಗೆ ಬಿಟ್ಟು ಹಿಡಿಯುವುದು. ಕೆಲವು ಫೋನುಗಳಲ್ಲಿ ಅದು 100 ಮಿಲಿಸೆಕೆಂಡ್, ಕೆಲವದರಲ್ಲಿ 600. ಡಬ್ಬಕ್ಕೆ ಬೇಕಾದ್ದಕ್ಕಿಂತ ಉದ್ದವಾದರೆ ನೀವು ಫೋನ್ ಇಟ್ಟಿರಿ ಅಂತ ಅದು ತಿಳಿಯುತ್ತದೆ, ಗಿಡ್ಡವಾದರೆ ಏನೂ ಆಗುವುದಿಲ್ಲ. ಕೆಲವು ಫೋನುಗಳ ಅಡಿಯಲ್ಲಿ ಇದಕ್ಕೊಂದು ಸಣ್ಣ ಸ್ವಿಚ್ ಇರುತ್ತದೆ, ಬದಲಾಯಿಸಿ ನೋಡಿ. ರಿಸೀವರ್ ಇಡುವ ಕಡ್ಡಿಯನ್ನು ಬೆರಳಲ್ಲಿ ತಟ್ಟಿ ಕೆಲಸ ಮುಗಿಸುವ ಹಳಬರಿದ್ದಾರೆ. ಅವರ ಬೆರಳಿಗೆ ಅಭ್ಯಾಸ ಇದೆ, ನಮಗೆ ಇಲ್ಲ.

ಹೋಲ್ಡ್ ಮತ್ತು ಮ್ಯೂಟ್ ಒಂದೇ ಅಲ್ಲ. ಮ್ಯೂಟ್ ಮಾಡಿದರೆ ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ, ಅವರದು ನಿಮಗೆ ಕೇಳುತ್ತದೆ. ಹೋಲ್ಡ್‌ನಲ್ಲಿ ಎರಡೂ ಇಲ್ಲ. ಇವೆರಡನ್ನೂ ಬಿಟ್ಟು ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ "ಆ ಜನ ಪುನಃ ಮಾಡಿದೆ ಮಾರಾಯ್ರೇ" ಎನ್ನುವವರು ಎಲ್ಲ ಆಫೀಸಿನಲ್ಲೂ ಇದ್ದಾರೆ. ಆ ಕಡೆ ಚೆನ್ನಾಗಿ ಕೇಳುತ್ತದೆ!

ಪಾರ್ಕ್ ಅಂತ ಇನ್ನೊಂದಿದೆ, ಗೋದಾಮು ಇರುವ ಆಫೀಸಿಗೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಹೋಲ್ಡ್ ಅಂದರೆ ಅವರ ಚೀಲವನ್ನು ನೀವೇ ಹಿಡಿದುಕೊಂಡು ನಿಂತ ಹಾಗೆ. ಪಾರ್ಕ್ ಅಂದರೆ ಜಗಲಿಯಲ್ಲಿ ಇಟ್ಟ ಹಾಗೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಗೋದಾಮಿನ ಅಣ್ಣ ತನ್ನ ಫೋನಿನ ಹತ್ತಿರ ಯಾವತ್ತೂ ಇರುವುದಿಲ್ಲ, ಲಾರಿಯ ಹತ್ತಿರ ಇರುತ್ತಾರೆ, ಇಲ್ಲವಾದರೆ ತೂಕದ ಹತ್ತಿರ. ಆಗ ಕರೆಯನ್ನು 70ಕ್ಕೆ ಟ್ರಾನ್ಸ್‌ಫರ್ ಮಾಡಬೇಕು. ಫೋನೇ "71" ಅಂತ ಒಂದು ಜಾಗ ಹೇಳುತ್ತದೆ. "ಅಣ್ಣಾ, 71ರಲ್ಲಿ ಫೋನು" ಎಂದು ಕಿಟಕಿಯಿಂದ ಕೂಗಿದರಾಯಿತು, ಅವರು ಹತ್ತಿರ ಸಿಕ್ಕಿದ ಫೋನಿನಲ್ಲಿ 71 ಒತ್ತಿ ಮಾತಾಡುತ್ತಾರೆ. ಸ್ವಲ್ಪ ಹೊತ್ತು ಯಾರೂ ಎತ್ತದಿದ್ದರೆ ಕರೆ ವಾಪಸ್ ಬರುವ ಹಾಗೆ ಮಾಡಿಟ್ಟುಕೊಳ್ಳಿ.

ಪಕ್ಕದ ಮೇಜಿನ ಫೋನು ಹೊಡೆದುಕೊಳ್ಳುತ್ತಿದ್ದರೆ ಎದ್ದು ಓಡಬೇಡಿ. *8 ಒತ್ತಿದರೆ ನಿಮ್ಮ ಗುಂಪಿನ ಯಾವ ಫೋನು ಹೊಡೆಯುತ್ತಿದೆಯೋ ಅದು ನಿಮ್ಮ ಕೈಗೆ ಬರುತ್ತದೆ. ಗುಂಪು ಮೊದಲೇ ಮಾಡಿಟ್ಟಿರಬೇಕು. ನಮ್ಮಲ್ಲಿ ಮೊದಲು ಮೇಲಿನವರದ್ದೊಂದು, ಕೆಳಗಿನವರದ್ದೊಂದು ಅಂತ ಇತ್ತು. ನಾನು ಹೇಳಿ ಭಾಷೆ ನೋಡಿ ಮಾಡಿಸಿದೆ, ಮಲಯಾಳ ಬರುವವರು ಒಂದು, ತುಳು ಕನ್ನಡದವರು ಇನ್ನೊಂದು. ಕನ್ನಡಕ್ಕೆ 1, ಮಲಯಾಳಕ್ಕೆ 2 ಎಂದು ರೆಕಾರ್ಡ್ ಮಾಡಿದ ಸ್ವರ ಹಾಕಿ ನೇರ ಆ ಗುಂಪಿಗೇ ಕಳಿಸುವುದೂ ಆಗುತ್ತದೆ. ನಮ್ಮ ಎಂಟು ಫೋನಿಗೆ ಅದು ಜಾಸ್ತಿ ಆಯಿತು ಅಂತ ನಾನು ಬೇಡ ಅಂದೆ. ಅಜ್ಜಂದಿರಿಗೆ 1 ಒತ್ತುವುದಕ್ಕಿಂತ ಒಬ್ಬರು ಹಲೋ ಅನ್ನುವುದು ಇಷ್ಟ.

ಕರೆ ತಿರುಗಿಸಿಡುವುದು, ಅಂದರೆ ಫಾರ್ವರ್ಡ್, ಮೂರು ತರ. *72 ಹಾಕಿದರೆ ಎಲ್ಲ ಕರೆಯೂ ಇನ್ನೊಂದು ನಂಬರಿಗೆ ಹೋಗುತ್ತದೆ, *73 ಹಾಕಿದರೆ ನಿಲ್ಲುತ್ತದೆ. ನೀವು ಮಾತಾಡುತ್ತಿರುವಾಗ ಮಾತ್ರ ಹೋಗಬೇಕಾದರೆ *90, ಎತ್ತದಿದ್ದರೆ ಮಾತ್ರ ಹೋಗಬೇಕಾದರೆ *52. ನನ್ನ ಕೇಳಿದರೆ ಕೊನೆಯದ್ದೇ ಸಾಕು. 20 ಸೆಕೆಂಡ್ ಇಡಿ. ಫೋನ್ ಮಾಡಿದವರ ಕಿವಿಯಲ್ಲಿ ಕೇಳುವ ಟ್ರಿಂಗ್ ಟ್ರಿಂಗ್ ಜೋಡಿ ಮೂರು ಸೆಕೆಂಡಿಗೊಮ್ಮೆ ಬರುತ್ತದೆ, ಅಂದರೆ ಆರೇಳು ಸಲ. ಅದಕ್ಕಿಂತ ಜಾಸ್ತಿ ಯಾರೂ ಕಾಯುವುದಿಲ್ಲ.

ಎಲ್ಲ ಕರೆಯನ್ನೂ ತಿರುಗಿಸುವುದು ಯಾಕೆ ಬೇಡ ಅಂದರೆ, ನಾನು ಮಾಡಿ ಕೆಟ್ಟಿದ್ದೇನೆ. ಒಂದು ಶುಕ್ರವಾರ ಮಧ್ಯಾಹ್ನ ಅರ್ಧ ಜನ ಜುಮಾಕ್ಕೆ ಹೋಗಿದ್ದರು, ನನಗೆ ಮುಳ್ಳೇರಿಯದಲ್ಲಿ ಕೆಲಸ ಇತ್ತು, ಮೊಬೈಲಿಗೆ ತಿರುಗಿಸಿ ಬಸ್ಸು ಹತ್ತಿದೆ. ದಾರಿಯಲ್ಲಿ ರೇಂಜ್ ಇಲ್ಲ. ಎರಡು ಗಂಟೆಗೆ ಎಲ್ಲರೂ ಆಫೀಸಿಗೆ ವಾಪಸ್ ಬಂದು ಫೋನಿನ ಮುಂದೆಯೇ ಕೂತಿದ್ದಾರೆ, ಅದು ಒಂದು ಸಲವೂ ಹೊಡೆಯಲಿಲ್ಲ, ಎಲ್ಲ ಬಸ್ಸಿನಲ್ಲಿ ಕೂತ ನನಗೆ ಬಂದು ಸಿಗದೆ ಹೋಗುತ್ತಿತ್ತು. ಇವತ್ತು ಆಫೀಸು ರಜೆಯಾ ಅಂತ ಸಂಜೆ ಒಬ್ಬರು ನೇರ ಬಂದೇ ಕೇಳಿದರು. ಫಾರ್ವರ್ಡ್ ಹಾಕಿದ್ದರೆ ಹಲವು ಫೋನುಗಳಲ್ಲಿ ರಿಸೀವರ್ ಎತ್ತಿದಾಗ ಡಯಲ್ ಟೋನು ತಡೆತಡೆದು ಕೇಳುತ್ತದೆ. ಆ ಸ್ವರ ಕೇಳಿದರೆ ಸುಮ್ನೆ ಬಿಡಬೇಡಿ.

ಇನ್ನೊಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಹೊರಗಿಂದ ಬಂದ ಕರೆಯನ್ನು ಡಬ್ಬ ಮೊಬೈಲಿಗೆ ಕಳಿಸುವಾಗ ಎರಡು ಲೈನು ಹಿಡಿಯುತ್ತದೆ, ಬಂದದ್ದಕ್ಕೆ ಒಂದು, ಹೋಗುವುದಕ್ಕೆ ಒಂದು. ನಮ್ಮಂಥ ಎರಡೇ ಲೈನಿನ ಆಫೀಸಿನಲ್ಲಿ ಒಬ್ಬರು ಹಾಗೆ ಮಾತಾಡುತ್ತಿದ್ದರೆ ಉಳಿದವರಿಗೆಲ್ಲ ಎಂಗೇಜ್. ಮೊಬೈಲಿನಲ್ಲಿ ಕಾಣುವುದೂ ಆಫೀಸಿನ ನಂಬರೇ, ಮಾಡಿದವರದ್ದಲ್ಲ. ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಹಾಗೆಯೇ ಯಾರಾದರೂ ನಾವು ಫೋನ್ ಕಂಪನಿಯವರು, ನಿಮ್ಮ ಮೊಬೈಲಿನಲ್ಲಿ *401* ಒತ್ತಿ ಈ ನಂಬರ್ ಹಾಕಿ ಅಂದರೆ ಹಾಕಬೇಡಿ. ಅದು ನಿಮ್ಮ ಕರೆಗಳನ್ನು ಅವರಿಗೆ ತಿರುಗಿಸುವ ಕೋಡು, ಓಟಿಪಿ ಕೂಡ ಫೋನಿನಲ್ಲಿ ಅವರಿಗೇ ಹೋಗುತ್ತದೆ. ಈ ಮೋಸ ಜಾಸ್ತಿಯಾಗಿ, ಇಂಥ ಕೋಡಿನಿಂದ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಮೊಬೈಲಿನಲ್ಲಿ ಫಾರ್ವರ್ಡ್ ಬೇಕಾದರೆ ಸೆಟ್ಟಿಂಗಿಗೆ ಹೋಗಿ ನೀವೇ ನೋಡಿ ಮಾಡಿ.

ಮೂವರು ಒಟ್ಟಿಗೆ ಮಾತಾಡುವ ಕಾನ್ಫರೆನ್ಸ್ ಅಂದರೆ ದೊಡ್ಡ ಕಂಪನಿಯವರಿಗೆ ಅಂತ ನಾನು ತಿಳಿದಿದ್ದೆ. ಹಳೆಯ ಡಬ್ಬದಲ್ಲಿ ಸಾಮಾನ್ಯವಾಗಿ ಒಬ್ಬರ ಜೊತೆ ಮಾತಾಡುತ್ತಾ ಫ್ಲ್ಯಾಶ್ ಒತ್ತಿ ಇನ್ನೊಬ್ಬರನ್ನು ಕರೆದು, ಅವರು ಎತ್ತಿದ ಮೇಲೆ ಪುನಃ ಫ್ಲ್ಯಾಶ್ ಒತ್ತಿ ಕಾನ್ಫರೆನ್ಸ್ ಕೋಡು ಹಾಕಬೇಕು. ಐಪಿ ಫೋನಿನಲ್ಲಿ ಅದಕ್ಕೇ ಒಂದು ಗುಂಡಿ. ನಾನು ಇದನ್ನು ಕಲಿತದ್ದು ಅದೇ ಪೆರ್ಲದ ಅಜ್ಜನಿಗಾಗಿ. ಒಂದು ಕಿವಿಯಲ್ಲಿ ಅವರ ತುಳು, ಇನ್ನೊಂದು ಕಡೆ ಹುಡುಗನ ಮಲಯಾಳ, ನಡುವೆ ನಾನು. ಹತ್ತು ನಿಮಿಷದಲ್ಲಿ ಖಾತೆ ನಂಬರಿನ ಒಂದು ಅಂಕೆ ತಪ್ಪಿದ್ದು ಸಿಕ್ಕಿತು. ಸೇರಿಸಿದವರು ಮೊದಲು ಫೋನ್ ಇಟ್ಟರೆ ಹಲವು ಡಬ್ಬಗಳಲ್ಲಿ ಮೂವರದ್ದೂ ಕಟ್ಟಾಗುತ್ತದೆ, ಕೊನೆಯವರೆಗೆ ಕೂರಿ.

ಯಾರೂ ಎತ್ತದಿದ್ದಾಗ ಮಾಡಿದವರ ಮಾತನ್ನು ರೆಕಾರ್ಡ್ ಮಾಡಿಡುವ ವಾಯ್ಸ್‌ಮೇಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, *97ರಲ್ಲಿ ಕೇಳಬಹುದು. ನಮ್ಮ ಕಡೆ ಬೀಪ್ ಆದ ಮೇಲೆ ಮಾತಾಡುವವರನ್ನು ನಾನು ಕಂಡಿಲ್ಲ, "ಹಲೋ... ಹಲೋ... ಏ ಯಾರೂ ಇಲ್ಲ" ಅಂತ ಇಡುತ್ತಾರೆ. ಇಟ್ಟುಕೊಳ್ಳುವುದಾದರೆ 1234, 0000 ಅಂಥ ಪಾಸ್‌ವರ್ಡ್ ಬಿಡಬೇಡಿ, ಹೊರಗಿನ ಕಳ್ಳರು ಅದರಿಂದ ಒಳಗೆ ನುಗ್ಗಿ ನಿಮ್ಮ ಲೈನಿನಿಂದ ವಿದೇಶಕ್ಕೆ ಫೋನ್ ಮಾಡುವುದುಂಟು. ಐಎಸ್‌ಡಿ ಬೇಡದಿದ್ದರೆ ಬಂದ್ ಮಾಡಿಸಿ.

ತುಲಾ ತಿಂಗಳ ಸಂಜೆಯ ಗುಡುಗು ಶುರುವಾದರೆ ಹೊರಗಿನ ಲೈನಿನ ವಯರನ್ನೂ ಪ್ಲಗ್ಗನ್ನೂ ಡಬ್ಬದಿಂದ ಕಿತ್ತಿಡಿ, ಸಿಡಿಲು ಹತ್ತಿರ ಬರುವ ಮೊದಲೇ, ತಲೆಯ ಮೇಲೆ ಬಂದ ಮೇಲೆ ವಯರು ಮುಟ್ಟಬೇಡಿ. ನಮ್ಮದು ಒಂದು ಸಲ ಡಬ್ಬದೊಳಗಿನ ಕಾರ್ಡು ಸುಟ್ಟು ವಾರ ಪೂರ್ತಿ ಮೊಬೈಲಿನಲ್ಲೇ ಆಫೀಸು ನಡೆಯಿತು. ಐಪಿ ಫೋನಿನವರಿಗೆ ಕರೆಂಟು ಹೋದರೆ ಫೋನೂ ಹೋಯಿತು, ಫೋನಿಗೆ ಮಾತ್ರ ಅಲ್ಲ, ನಡುವಿನ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಬೇಕು.

ಕೊನೆಗೆ ಪ್ರತಿ ಫೋನಿನ ಬದಿಯಲ್ಲೂ ಒಂದು ಚೀಟಿ ಅಂಟಿಸಿ. ಹೆಸರು ಮತ್ತು ನಂಬರ್ ಎಲ್ಲರೂ ಬರೆಯುತ್ತಾರೆ, ಅವರಿಗೆ ಯಾವ ಭಾಷೆ ಬರುತ್ತದೆ, ಯಾವಾಗ ಸಿಗುವುದಿಲ್ಲ ಎಂದೂ ಬರೆಯಿರಿ. ನಮ್ಮದರಲ್ಲಿ ನಾಲ್ಕನೇ ಸಾಲು ಹೀಗಿದೆ: 23, ಗೋದಾಮು, ತುಳು ಕನ್ನಡ, ಊಟ ಒಂದೂವರೆಗೆ, ಎತ್ತದಿದ್ದರೆ ಕಿಟಕಿಯಿಂದ ಕೂಗಿ.