ಗದ್ದೆಯ ಜೇಕು: ಗುರುತು ಹಿಡಿದು ಬೀಜ ಕೂಡಿಟ್ಟ ಅನುಭವ

ಮಂಡ್ಯ ಕಡೆ ನಾಲೆ ಬಯಲಿನ ಗದ್ದೆಗಳಲ್ಲಿ ಭತ್ತದ ಜೊತೆಗೇ ಏಳುವ ಒಂದು ಜೇಕು, ಅಂದರೆ ಹುಲ್ಲಿನಂಥ ಕಳೆ, ಇದೆ. ಸೈಪರಸ್ ಇರಿಯಾ ಅಂತ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಗಿಡ. ನಮ್ಮ ನೆಲದ್ದೇ. ಹುಟ್ಟಿ, ಬೀಜ ಉದುರಿಸಿ, ಅದೇ ವರ್ಷ ಒಣಗಿ ಹೋಗುತ್ತದೆ.

ಕೆರೆ ಅಂಚಿನಲ್ಲಿ ಊರ ಗಿಡಗಳನ್ನು ಮತ್ತೆ ಬೆಳೆಸಲು ನಾನು ಇದರ ಬೀಜ ಕೂಡಿಡುತ್ತೇನೆ. ಕಳೆ ಬೀಜ ಯಾಕೆ ಅಂತ ಕೇಳುವವರು ಜಾಸ್ತಿ. ಕೆರೆ ನೀರು ಇಳಿದಾಗ ಬರಿದಾದ ಕೆಸರಿನಲ್ಲಿ ಬೇಗ ಬೇರೂರುವುದು ಇಂಥ ಒಂದು ವರ್ಷದ ಗಿಡಗಳು. ಅವು ಇಲ್ಲದ ಕಡೆ ಆ ಜಾಗ ಪಾರ್ಥೇನಿಯಂ ಪಾಲಾಗಿದ್ದನ್ನು ನಾನು ನೋಡಿದ್ದೇನೆ. ಇನ್ನೊಂದು ವಿಷಯ: ಕೀಟಗಳು ಎಳೆಯವಾಗಿದ್ದಾಗ ತಮ್ಮ ಮೈಯಲ್ಲಿ ಮಾಡಿಕೊಳ್ಳುವ ಹಾರ್ಮೋನು ಈ ಗಿಡದೊಳಗೂ ಇದೆ ಅಂತ 1988ರಲ್ಲಿ ಗೊತ್ತಾಯಿತು. ಇಂಥ ಗಿಡವನ್ನು ಬರೀ ಕಳೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗುರುತು ಹಿಡಿಯಲು ಮೊದಲು ಕಾಂಡವನ್ನು ಬೆರಳುಗಳ ನಡುವೆ ಹೊರಳಿಸುತ್ತೇನೆ. ಮೂರು ಮೂಲೆ ಕೈಗೆ ಸಿಗುತ್ತವೆ. ಆಮೇಲೆ ಬುಡಸಮೇತ ಕಿತ್ತು ನೋಡಲೇಬೇಕು. ಗಡ್ಡೆ ಇದ್ದು, ಜಜ್ಜಿದರೆ ಘಮ್ಮೆಂದರೆ ಅದು ಕೊನ್ನಾರಿ, ವರ್ಷ ವರ್ಷವೂ ಉಳಿಯುವಂಥದ್ದು. ಇರಿಯಾಕ್ಕೆ ಗಡ್ಡೆ ಇಲ್ಲ. ಹಳದಿಗೆಂಪು ನಾರುಬೇರಿನ ಕುಚ್ಚು, ಅಷ್ಟೇ.

ಅದೇ ಗದ್ದೆಯಲ್ಲಿ ಇನ್ನೊಂದು ಒಂದು ವರ್ಷದ ಜೇಕು ಇರುತ್ತದೆ, ಸೈಪರಸ್ ಡಿಫಾರ್ಮಿಸ್. ಅದರ ತೆನೆ ಒತ್ತೊತ್ತಾಗಿ ಉಂಡೆ ಕಟ್ಟಿರುತ್ತದೆ. ಇರಿಯಾದ ತೆನೆ ಬಿಡಿಬಿಡಿ, ಹಳದಿಮಿಶ್ರಿತ ಕಂದು. ಒಂದು ಕಿರುತೆನೆ ಮುರಿದು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಿ. ಚಿಪ್ಪುಗಳು ಎರಡು ಸಾಲಾಗಿ ಕೂತಿರುತ್ತವೆ, ಒಂದೊಂದರ ಬೆನ್ನಿಗೂ ಹಸಿರು ಗೆರೆ. ಚಿಪ್ಪನ್ನು ಉಗುರಿನಿಂದ ಬಿಡಿಸಿದರೆ ಬೀಜ ಕಾಣುತ್ತದೆ: ಮೂರು ಮುಖ, ಕಪ್ಪುಗಂದು ಬಣ್ಣ, ಒಳ್ಳೆ ಹೊಳಪು, ಉದ್ದ ಒಂದೂವರೆ ಮಿಲಿಮೀಟರ್ ಒಳಗೆ. ಡಿಫಾರ್ಮಿಸ್‌ನದು ಅದರ ಅರ್ಧದಷ್ಟು, ಬಣ್ಣವೂ ತಿಳಿಹಳದಿ. ಹಾಗಾಗಿ ಬಲಿತ ಬೀಜ ನೋಡದೆ ನಾನು ಹೆಸರು ಬರೆಯುವುದಿಲ್ಲ. ಎಳೆ ಗಿಡ ಸಿಕ್ಕರೆ ಜಾಗ ನೆನಪಿಟ್ಟುಕೊಂಡು ಬರುತ್ತೇನೆ.

ಬೀಜ ಕೆಳಗಿನಿಂದ ಮೇಲಕ್ಕೆ ಬಲಿಯುತ್ತಾ ಹೋಗುತ್ತದೆ. ತೆನೆಯ ತುದಿ ಇನ್ನೂ ಹಸಿರಿರುವಾಗಲೇ ಬುಡದ ಬೀಜ ಉದುರಲು ಶುರು. ಪೂರ್ತಿ ಒಣಗಲಿ ಅಂತ ಕಾದರೆ ಒಳ್ಳೇ ಬೀಜವೆಲ್ಲ ಮಣ್ಣು ಸೇರುತ್ತದೆ. ಇಬ್ಬನಿ ಆರಿದ ಮೇಲೆ ಹೋಗಿ, ತೆನೆಯನ್ನು ಕಾಗದದ ಕವರಿನೊಳಗೆ ಬಗ್ಗಿಸಿ ತಟ್ಟುತ್ತೇನೆ. ಬಲಿತದ್ದು ತಾನಾಗಿ ಬೀಳುತ್ತದೆ, ಉಳಿದದ್ದು ಗಿಡದಲ್ಲೇ ಇರಲಿ. ಒಂದೇ ಗಿಡದಿಂದ ದೋಚದೆ ಹಲವು ಗಿಡಗಳಿಂದ ಚೂರು ಚೂರು ತೆಗೆಯುತ್ತೇನೆ. ಪ್ಲಾಸ್ಟಿಕ್ ಕವರು ಬೇಡ, ಬೆವರಿ ಬೂಷ್ಟು ಬರುತ್ತದೆ. ಗದ್ದೆ ಯಜಮಾನರನ್ನು ಕೇಳಿಯೇ ಇಳಿಯಬೇಕು. “ಬೇಕಾದ್ರೆ ಪೂರ್ತಿ ಕಿತ್ಕೊಂಡು ಹೋಗಪ್ಪ” ಅಂತಾರೆ!

ಮನೆಯಲ್ಲಿ ನೆರಳಿಗೆ ಹರಡಿ ಒಣಗಿಸಿ, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಟೀ ಸೋಸುವ ಜರಡಿಗೆ ಹಾಕುತ್ತೇನೆ. ತೆನೆಯ ಚೂರು ಮೇಲೆ ನಿಲ್ಲುತ್ತದೆ. ಕೆಳಗೆ ಇಳಿದದ್ದನ್ನು ಅಗಲ ತಟ್ಟೆಗೆ ಹಾಕಿ ಮೆತ್ತಗೆ ಊದಿದರೆ ಹೊಟ್ಟು ಹಾರಿ ಬೀಜ ಉಳಿಯುತ್ತದೆ. ಗಾಜಿನ ಬಾಟಲಿಗೆ ತುಂಬಿ ಊರು, ತಾರೀಖು, ಗದ್ದೆಯೋ ಕೆರೆಯೋ ಅನ್ನುವುದನ್ನು ಬರೆದು ಅಂಟಿಸುತ್ತೇನೆ. ಅದೇ ಜಾಗದ ಒಂದು ಗಿಡವನ್ನು ಬೇರುಸಮೇತ ಪೇಪರಿನ ನಡುವೆ ಒತ್ತಿಡುತ್ತೇನೆ. ಮುಂದೆ ಹೆಸರಿನ ಬಗ್ಗೆ ಅನುಮಾನ ಬಂದರೆ ನೋಡಲು ಅದೇ ಆಧಾರ.

ಬಿತ್ತುವಾಗ ಬೀಜವನ್ನು ಮಣ್ಣಲ್ಲಿ ಹೂಳಬಾರದು. ಇದಕ್ಕೆ ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು. ಆದರೆ ಪಕ್ಕದಲ್ಲಿ ಭತ್ತದ ಗದ್ದೆ ಇರುವ ಕಡೆ ನಾನು ಬಿತ್ತುವುದಿಲ್ಲ. ನೀರಿನ ಜೊತೆ ಬೀಜ ಹರಿದು ಹೋದರೆ ಕಳೆ ಕೀಳುವ ಕಷ್ಟ ಅವರದ್ದು ಅಲ್ವಾ.