ಮೊದಲ ರೇಸಿಂಗ್ ಡಿಂಗಿ ಕೊಳ್ಳುವ ಮುಂಚೆ

ರೇಸಿಗೂ ಆಗಬೇಕು, ರಜೆ ದಿನ ಸುಮ್ನೆ ಸುತ್ತಾಡೋಕೂ ಆಗಬೇಕು ಅಂತ ಸಣ್ಣ ಹಾಯಿದೋಣಿ, ಅಂದರೆ ಡಿಂಗಿ, ಹುಡುಕುವವರು ಮೊದಲು ಕೇಳೋದು, ಯಾವುದು ಜಾಸ್ತಿ ವೇಗ ಅಂತ. ಆ ಪ್ರಶ್ನೆ ಆಮೇಲೆ. ಮೊದಲು ನೀವು ಸೇರುವ ಕ್ಲಬ್ಬಿಗೆ ರೇಸಿನ ದಿನ ಹೋಗಿ, ದಡದಲ್ಲಿ ಯಾವ ಕ್ಲಾಸಿನ (ಒಂದೇ ಮಾದರಿಯ) ದೋಣಿ ಎಷ್ಟಿವೆ ಎಣಿಸಿ. ಯಾವುದು ಜಾಸ್ತಿ ಇದೆಯೋ ಅದೇ ನಿಮ್ಮದೂ ಆಗಲಿ. ಬೇರೆ ಬೇರೆ ದೋಣಿಗಳು ಒಟ್ಟಿಗೆ ಓಡುವ ಕಡೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್‌ನಂಥ ಹ್ಯಾಂಡಿಕ್ಯಾಪ್ ಹಾಕಿ ಸಮಯ ಸರಿದೂಗಿಸುತ್ತಾರೆ, ಅದರಲ್ಲೂ ಖುಷಿ ಇದೆ. ಆದರೆ ನಿಮ್ಮಂಥದೇ ದೋಣಿ ಪಕ್ಕದಲ್ಲಿ ಓಡುತ್ತಾ ನಿಮ್ಮನ್ನು ಹಿಂದೆ ಹಾಕಿದಾಗ, ಅವರು ಹಾಯಿ ಎಷ್ಟು ಎಳೆದಿದ್ದಾರೆ, ಎಲ್ಲಿ ಕೂತಿದ್ದಾರೆ ಅಂತ ನೋಡಿ ಕಲಿಯೋದೇ ಬೇರೆ.

ಆಮೇಲೆ ನಿಮ್ಮ ತೂಕ ನೋಡಿಕೊಳ್ಳಿ. ಗಾಳಿ ದೋಣಿಯನ್ನು ವಾಲಿಸುವಾಗ ಹೊರಕ್ಕೆ ಬಾಗಿ ಅದನ್ನು ನೆಟ್ಟಗೆ ಹಿಡಿಯೋದು ನಿಮ್ಮ ಮೈಭಾರವೇ ಅಲ್ವಾ? ಮೊದಲು ಲೇಸರ್ ಅಂತಿದ್ದ ಐಎಲ್‌ಸಿಎ ಒಬ್ಬರೇ ಓಡಿಸುವ ದೋಣಿ. ಹಲ್, ಅಂದರೆ ದೋಣಿಯ ಒಡಲು, ಒಂದೇ, ಹಾಯಿ ಮೂರು ಅಳತೆ: ಸುಮಾರು 4.7, 5.8 ಮತ್ತು 7 ಚದರ ಮೀಟರ್. ಅರವತ್ತೈದು ಕಿಲೋ ಇರುವವರಿಗೆ ನಡುವಿನದು ಸಾಕು, ಎಂಬತ್ತು ದಾಟಿದವರಿಗೆ ದೊಡ್ಡದು. ಇದರ ಹಲ್ ಸುಮಾರು 59 ಕಿಲೋ ತೂಗಿದರೆ ಒಬ್ಬರೇ ಓಡಿಸುವ ಇನ್ನೊಂದು ದೋಣಿ ಆರ್‌ಎಸ್ ಏರೋದ್ದು 30 ಕಿಲೋ ಅಷ್ಟೇ, ಒಬ್ಬರೇ ದಡಕ್ಕೆ ಎಳೆಯುವಾಗ ಆ ವ್ಯತ್ಯಾಸ ಗೊತ್ತಾಗುತ್ತೆ.

ಇಬ್ಬರಿದ್ದರೆ 420 ಅನ್ನುವ ಕ್ಲಾಸಿನ ದೋಣಿ ನೋಡಿ. ತಂತಿಗೆ ನೇತುಬಿದ್ದು ದೋಣಿಯಿಂದ ಹೊರಕ್ಕೆ ವಾಲುವ ಟ್ರೆಪೀಜ್, ಗಾಳಿ ಹಿಂದಿನಿಂದ ಬಂದಾಗ ಬಿಚ್ಚುವ ದೊಡ್ಡ ಹಾಯಿ ಸ್ಪಿನ್ನೇಕರ್ ಎರಡೂ ಇರುವುದರಿಂದ ಕಲಿಯೋಕೆ ಬೇಕಾದಷ್ಟಿದೆ, ನಿಧಾನಕ್ಕೆ ಸುತ್ತಾಡೋಕೂ ಒಗ್ಗುತ್ತೆ. ಇಬ್ಬರು ಓಡಿಸುವ ಇನ್ನೊಂದು ದೋಣಿ 29ಇಆರ್ ಹಾಗಲ್ಲ. ಓಡುತ್ತಿರುವಾಗ ಅದ್ಭುತ, ನಿಂತರೆ ಮಗುಚೋಕೆ ನೋಡುತ್ತೆ. ಊಟದ ಡಬ್ಬಿ ಇಟ್ಟುಕೊಂಡು ಹೊರಡುವ ದೋಣಿ ಅದಲ್ಲ. ಜೊತೆಗಾರರು ಪ್ರತಿ ವಾರ ಬರೋದು ಅನುಮಾನ ಅಂದರೆ ಒಬ್ಬರ ದೋಣಿಯೇ ಸರಿ.

ಹಳೇ ದೋಣಿಯಾದರೆ ಬಣ್ಣಕ್ಕೆ ಮರುಳಾಗಬೇಡಿ. ಐಎಲ್‌ಸಿಎಯಲ್ಲಿ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ನಿಲ್ಲಿಸುವ ಕುಳಿ ಇರುತ್ತೆ. ಅದಕ್ಕೆ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಹದಿನೈದು ನಿಮಿಷ ಕಾಯಿರಿ. ನೀರು ಇಳಿದರೆ ಒಳಗೆ ಬಿರುಕಿದೆ, ನೀರು ಹಲ್‌ನೊಳಗೆ ಸೇರುತ್ತಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಜೋರು ಗಾಳಿಯಲ್ಲಿ ಮಾಸ್ಟ್ ದೋಣಿಯ ಮೇಲ್ಭಾಗವಾದ ಡೆಕ್ಕನ್ನೇ ಸೀಳಿಕೊಂಡು ಬರಬಹುದು. ಕುಳಿಯ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬೇಡ ಅನ್ನಿ. ಆದರೆ ಹಾಯಿ ಹಳೇದಾಗಿ ಮೆದುವಾಗಿದ್ದರೆ ಚಿಂತೆಯಿಲ್ಲ, ಬದಲಾಯಿಸಬಹುದು.

ದುಡ್ಡು ಕೊಡುವ ಮುಂಚೆ ಒಮ್ಮೆ ನೀರಿಗಿಳಿಸಿ. ಲೈಫ್‌ಜಾಕೆಟ್ ಹಾಕಿಕೊಂಡು, ಹತ್ತಿರದಲ್ಲಿ ಇನ್ನೊಂದು ದೋಣಿ ಇಟ್ಟುಕೊಂಡು, ಬೇಕಂತಲೇ ಮಗುಚಿ. ದೋಣಿಯ ತಳದಿಂದ ಚಾಚಿರುವ ಹಲಗೆ, ಅಂದರೆ ಸೆಂಟರ್‌ಬೋರ್ಡಿನ ಮೇಲೆ ನಿಂತು ಹಿಂದಕ್ಕೆ ವಾಲಿ, ದೋಣಿಯನ್ನು ಎಬ್ಬಿಸಿ ಹತ್ತಿ. ಉಸಿರು ಸರಿಯಾದ ಮೇಲೆ ಇನ್ನೊಂದು ಸಲ ಮಾಡಿ. ಎರಡನೇ ಸಲ ಹತ್ತೋಕೆ ಆಗಲಿಲ್ಲ ಅಂದರೆ ಇನ್ನೂ ಸಣ್ಣ ಹಾಯಿಯ ದೋಣಿ ನೋಡಿ.